ಸುರಪುರದ ಟೇಲರ್ ಸಾಹೇಬರು: ಬೇರೆ ಜಾಡು ಹಿಡಿದ ಬುದ್ಧಿ



ಶಿರವಾಳದಿಂದ ಶಹಾಪುರಕ್ಕೆ, ಅಲ್ಲಿಂದ ಸುರಪುರಕ್ಕೆ ನೀವು ಎಷ್ಟೋ ಸಲ ಹೋಗಿ ಬಂದಿರುವಿರಿ. ಸಂತೆಗೆಂದು, ಕಚೇರಿಗೆಂದು, ಬೀಗರ ಊರಿಗೆಂದು ಹೋಗಿರುವಿರಿ. ಎಡಬಲದಲ್ಲಿ ಎರೆ ಹೊಲ, ನಡುನಡುವೆ ಬಂಡೆಗುಡ್ಡ. ಶಹಾಪುರದ ಮಗ್ಗುಲಿಗಿರುವ ವಿಭೂತಿಹಳ್ಳಿಯ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲುಗಳು ಸಾಲು ಹಿಡಿದು ಕುಳಿತಿವೆ. ಅವುಗಳನ್ನು ನೀವು ಕಂಡಿರಬಹುದು. ಕಂಡು ಮುಂದೆ ನಡೆದಿರಬಹುದು. ನಿಮ್ಮ ತಂದೆಯೂ ಹಾಗೆಯೇ ನಡೆದರು, ಅಜ್ಜನೂ ಹಾಗೆಯೇ ನಡೆದರು. ಅದರಲ್ಲಿ ಯಾರ ತಪ್ಪೂ ಇಲ್ಲ. ಹುಟ್ಟಿದಂದಿನಿಂದ ಕಂಡ ಕಲ್ಲು ಕಣ್ಣಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ.

ಆದರೆ ಸುಮಾರು 170 ವರ್ಷಗಳ ಹಿಂದೆ ಒಬ್ಬ ಮನುಷ್ಯ ಇದೇ ಸೀಮೆಯ ಕಲ್ಲುಗಳ ಮುಂದೆ ನಿಂತರು. ಇವುಗಳನ್ನು ಇಲ್ಲಿ ಸಾಲಾಗಿ ಇಟ್ಟವರು ಯಾರು, ಏತಕ್ಕೆ ಇಟ್ಟರು ಎಂದು ಯೋಚಿಸಿದರು. ಅಳೆದರು, ಚಿತ್ರ ಬರೆದರು, ಕೆಲವು ಕಡೆ ಅಗೆಸಿಯೂ ನೋಡಿದರು. ಅವರೇ ಸುರಪುರದ ಹಿರಿಯರು ಇಂದಿಗೂ ನೆನೆಯುವ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಎಲ್ಲರೂ ಹೋಗುವ ದಾರಿಯಲ್ಲೇ ಹೋಗುತ್ತಿದ್ದ ಒಬ್ಬರ ಬುದ್ಧಿ ಮಾತ್ರ ಬೇರೆ ಜಾಡು ಹಿಡಿದದ್ದು ಹೇಗೆ? ಅಂಥವರ ಮಿದುಳು ನಮ್ಮದಕ್ಕಿಂತ ಬೇರೆಯೇ? ಈ ವಾರ ಅವರ ಜೀವನದ ಕಥೆಯೊಂದಿಗೆ ಈ ಪ್ರಶ್ನೆಯನ್ನೂ ವಿಚಾರ ಮಾಡೋಣ. ಇದರಲ್ಲಿ ನಿಮ್ಮ ಹೊಲಕ್ಕೂ ನಿಮ್ಮ ಮನೆಯ ಮಕ್ಕಳಿಗೂ ಸಂಬಂಧಪಟ್ಟ ಮಾತಿದೆ.

ಶಾಲೆ ಬಿಟ್ಟ ಹುಡುಗ

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ವ್ಯಾಪಾರಿ. ಮನೆಯ ವ್ಯವಹಾರ ಕುಸಿದು ಹುಡುಗನ ಓದು ಬೇಗನೆ ನಿಂತಿತು. ಹದಿನೈದನೆಯ ವಯಸ್ಸಿನಲ್ಲಿ, 1824ರಲ್ಲಿ, ಮುಂಬಯಿಯ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಕೆಲಸ ಕಲಿತು ಮುಂದೆ ಪಾಲುದಾರನಾಗಬೇಕೆಂದು ಹಡಗು ಹತ್ತಿಸಿದರು. ಬಂದು ನೋಡಿದರೆ ಆ ವ್ಯಾಪಾರವೂ ಮುಳುಗುವ ಸ್ಥಿತಿಯಲ್ಲಿತ್ತು. ಬಂಧುವೊಬ್ಬರ ನೆರವಿನಿಂದ ಅದೇ ವರ್ಷ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ನೌಕರಿ ಸಿಕ್ಕಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಅಂದು ಕಂಪನಿ ಸರಕಾರದ ದೊಡ್ಡ ಅಧಿಕಾರಿಗಳು ಇಂಗ್ಲೆಂಡಿನಲ್ಲಿ ಅದಕ್ಕೆಂದೇ ಇದ್ದ ಕಾಲೇಜಿನಲ್ಲಿ ಓದಿ ಬರುತ್ತಿದ್ದರು. ಎಲ್ಲರಿಗೂ ಒಂದೇ ಪಾಠ, ಎಲ್ಲರ ತಲೆಗೂ ಒಂದೇ ಅಚ್ಚು. ಟೇಲರ್ ಆ ಅಚ್ಚಿನಲ್ಲಿ ಎರಕವಾದವರಲ್ಲ. ಅವರು ನಿಜಾಮರ ನೌಕರರು, ಕಂಪನಿಯ ಪಂಕ್ತಿಗೆ ಹೊರಗಿನವರು. ಕಾಯಿದೆ, ಮೋಜಣಿ, ಕಟ್ಟಡದ ಕೆಲಸ, ಚಿತ್ರಕಲೆ ಎಲ್ಲವನ್ನೂ ಬೇಕಾದಾಗ ಬೇಕಾದಷ್ಟು ತಾವಾಗಿಯೇ ಕಲಿತರು. ಹಿಂದುಸ್ಥಾನಿ, ಫಾರಸಿ, ಮರಾಠಿ ಕಲಿತು ಜನರೊಂದಿಗೆ ನೇರವಾಗಿ ಮಾತನಾಡಿದರು. ಪೊಲೀಸು ಕೆಲಸದಲ್ಲಿ ಹಳ್ಳಿ ಹಳ್ಳಿ ತಿರುಗಿದರು. ದಾರಿಹೋಕರ ಕೊರಳಿಗೆ ವಸ್ತ್ರ ಬಿಗಿದು ಕೊಲ್ಲುತ್ತಿದ್ದ ಠಕ್ಕರ ಕುರಿತು ಕಾದಂಬರಿ ಬರೆದು 1839ರಲ್ಲಿ ಇಂಗ್ಲೆಂಡಿನಲ್ಲಿ ಹೆಸರುವಾಸಿಯಾದರು.

ಸುರಪುರದಲ್ಲಿ ಹನ್ನೆರಡು ವರ್ಷ

1841ರಲ್ಲಿ ಟೇಲರ್ ಸುರಪುರಕ್ಕೆ ಬಂದರು. ನಾಯಕರ ಸಂಸ್ಥಾನ ಆಗ ಸಾಲದಲ್ಲಿ ಮುಳುಗಿತ್ತು. ಅರಮನೆಯಲ್ಲಿ ಒಳಜಗಳವಿತ್ತು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡ ಮೇಲೆ ಅವರ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮ. ಬಾಲಕನು ಪ್ರಾಯಕ್ಕೆ ಬರುವ ತನಕ ಸಂಸ್ಥಾನದ ಮೇಲ್ವಿಚಾರಣೆ ಟೇಲರ್ ಅವರ ಪಾಲಿಗೆ ಬಂತು. ಅವರು ಲೆಕ್ಕಪತ್ರ ಸರಿಪಡಿಸಿದರು, ಸಾಲ ತೀರಿಸುವ ದಾರಿ ಹುಡುಕಿದರು. ಹುಡುಗ ರಾಜನು ಅವರನ್ನು ಅಪ್ಪನೆಂದೇ ಕರೆಯುತ್ತಿದ್ದನು.

ರೈತರಿಗೆ ಇಷ್ಟವಾಗುವ ಅವರ ಕೆಲಸವೆಂದರೆ ಬೋನಾಳ ಕೆರೆ. ಹಿಂದೆ ಸುರಪುರದ ಅರಸ ಪಾಮನಾಯಕರು ಕಟ್ಟಿಸಿದ ಆ ಕೆರೆಯನ್ನು ಟೇಲರ್ ಸುಧಾರಿಸಿದರು. ಈಗ ಅದೇ ಕೆರೆ ಪಕ್ಷಿಧಾಮವಾಗಿದೆ. ಸುರಪುರದ ಗುಡ್ಡದ ಮೇಲೆ ಅವರು ಕಟ್ಟಿಸಿಕೊಂಡ ಬಂಗಲೆಯನ್ನು ಜನ ಟೇಲರ್ ಮಂಜಿಲ್ ಎಂದು ಕರೆಯುತ್ತಾರೆ.

ಈ ಕೆಲಸಗಳ ನಡುವೆಯೇ ಅವರ ಕಣ್ಣು ಹೊಲದ ಕಲ್ಲುಗಳ ಮೇಲೆ ಬಿತ್ತು. ರಾಜನಕೋಳೂರಿನ ಬಳಿ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಸಣ್ಣ ಸಣ್ಣ ಕಲ್ಮನೆಗಳಿವೆ. ಇವು ಮೋರಿಯರ ಮನೆಗಳು, ಹಿಂದೆ ಗೇಣುದ್ದದ ಕುಳ್ಳರು ಇಲ್ಲಿ ಬಾಳಿದರು ಎಂಬುದು ಜನರ ನಂಬಿಕೆ. ಬೇರೆ ಕಡೆ ಗುಂಡುಕಲ್ಲುಗಳನ್ನು ದುಂಡಗೆ ಸುತ್ತಿಟ್ಟು ನಡುವೆ ಕಲ್ಲಿನ ಗುಪ್ಪೆ ಮಾಡಿರುವುದು ಕಾಣುತ್ತದೆ. ಇವೆಲ್ಲವನ್ನೂ ನೋಡಿದಾಗ ಟೇಲರ್ ಅವರಿಗೆ ತಮ್ಮ ನಾಡಿನ ಕಡೆ ಇಂಥದೇ ಕಲ್ಮನೆಗಳೂ ಕಲ್ಲುಸುತ್ತುಗಳೂ ಇರುವುದು ನೆನಪಾಯಿತು. ಸಾವಿರಾರು ಮೈಲಿ ದೂರದ ಕಲ್ಲು ಮತ್ತು ಕಣ್ಣೆದುರಿನ ಕಲ್ಲು ಅವರ ತಲೆಯೊಳಗೆ ಅಕ್ಕಪಕ್ಕ ಬಂದು ಕುಳಿತವು.

ಮಿದುಳಿನ ಒಳಗಣ ಜಾಡು

ಈಗ ಸ್ವಲ್ಪ ಹೊತ್ತು ಕಥೆಯನ್ನು ನಿಲ್ಲಿಸಿ ಮಿದುಳಿನ ವಿಷಯಕ್ಕೆ ಬರೋಣ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದು ಕೋಶವೂ ಸಾವಿರಾರು ಕೋಶಗಳೊಂದಿಗೆ ಕೊಂಡಿ ಹಾಕಿಕೊಂಡಿರುತ್ತದೆ. ಒಂದು ವಿಚಾರವನ್ನು ಮತ್ತೆ ಮತ್ತೆ ಮಾಡಿದರೆ ಆ ದಾರಿಯ ಕೊಂಡಿಗಳು ಗಟ್ಟಿಯಾಗುತ್ತವೆ. ಎರೆ ಹೊಲದಲ್ಲಿ ಚಕ್ಕಡಿ ಹೋದಂತೆಲ್ಲಾ ಗಾಲಿಯ ಜಾಡು ಆಳವಾಗುವುದಿಲ್ಲವೇ? ಆಮೇಲೆ ಎತ್ತುಗಳನ್ನು ಹೊಡೆಯುವುದೇ ಬೇಡ, ಚಕ್ಕಡಿ ತಾನಾಗಿ ಜಾಡಿನಲ್ಲೇ ಹೋಗುತ್ತದೆ. ನಮ್ಮ ರೂಢಿಯ ವಿಚಾರವೂ ಹಾಗೆಯೇ. ಇದರಿಂದ ಲಾಭವೇ ಹೆಚ್ಚು. ದಿನಾ ಬೆಳಗಾದರೆ ನೊಗ ಕಟ್ಟುವುದು ಹೇಗೆಂದು ಹೊಸದಾಗಿ ಯೋಚಿಸುತ್ತ ಕುಳಿತರೆ ಬಿತ್ತನೆ ಮುಗಿಯುವುದುಂಟೇ?

ಮಿದುಳಿಗೆ ಇನ್ನೊಂದು ಗುಣವಿದೆ. ಅದು ಜರಡಿಯಂತೆ ಕೆಲಸ ಮಾಡುತ್ತದೆ. ಹಿಟ್ಟಿನ ಗಿರಣಿಯ ಪಕ್ಕದ ಮನೆಯವರನ್ನು ಕೇಳಿ ನೋಡಿರಿ, ಗಿರಣಿಯ ಸದ್ದು ಅವರಿಗೆ ಕೇಳಿಸುವುದೇ ಇಲ್ಲ. ಗಿರಣಿ ಒಮ್ಮೆಲೇ ನಿಂತರೆ ಮಾತ್ರ ಗಮನಕ್ಕೆ ಬರುತ್ತದೆ. ಪದೇ ಪದೇ ಕಂಡದ್ದನ್ನೂ ಕೇಳಿದ್ದನ್ನೂ ಮಿದುಳು ಕೆಲಸಕ್ಕೆ ಬಾರದ್ದೆಂದು ಜರಡಿ ಹಿಡಿದು ಹೊರಗೆ ಚೆಲ್ಲುತ್ತದೆ. ಹೊಲದ ಕಲ್ಲು ನಮ್ಮ ತಲೆಗೆ ಹೋಗದಿರುವುದಕ್ಕೆ ಇದೇ ಕಾರಣ.

ಕೆಲವರಲ್ಲಿ ಈ ಜರಡಿಯ ಕಣ್ಣು ಸ್ವಲ್ಪ ದೊಡ್ಡದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಹೊಸದನ್ನು ಸೃಷ್ಟಿಸಿ ಹೆಸರು ಮಾಡಿದವರಲ್ಲಿ ಈ ಜರಡಿ ಉಳಿದವರಿಗಿಂತ ಸಡಿಲವಾಗಿರುವುದು ಅದರಲ್ಲಿ ಕಂಡುಬಂತು. ಬೇರೆಯವರ ಮಿದುಳು ಹೊರಗೆ ಚೆಲ್ಲಿದ್ದು ಇವರ ಮಿದುಳಿನ ಒಳಗೆ ಬರುತ್ತದೆ. ಇದು ಬರೀ ವರವೆಂದು ತಿಳಿಯಬೇಡಿರಿ. ಜರಡಿ ಸಡಿಲವಾದರೆ ಕಾಳಿನ ಸಂಗಡ ಕಸವೂ ಬರುತ್ತದೆ. ಅದನ್ನು ಹಸನು ಮಾಡಿ ಆರಿಸುವ ಶಕ್ತಿಯೂ ಬಲವಾಗಿದ್ದರೆ ಮಾತ್ರ ಅದರಿಂದ ಪ್ರಯೋಜನ. ಇಲ್ಲವಾದರೆ ತಲೆಯಲ್ಲಿ ಗದ್ದಲವೇ ಉಳಿಯುತ್ತದೆ.

2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ದಿನಬಳಕೆಯ ವಸ್ತುವನ್ನು ಹೇಳಿ, ಅದರಿಂದ ಯಾರೂ ಊಹಿಸದ ಯಾವ ಉಪಯೋಗವಿದೆ ಎಂದು ಯೋಚಿಸಲು ಜನರಿಗೆ ತಿಳಿಸಿದರು. ಅವರು ಯೋಚಿಸುವಾಗ ಎಂಆರ್‌ಐ ಯಂತ್ರದಿಂದ ಮಿದುಳನ್ನು ನೋಡಿದರು. ನಾವು ಸುಮ್ಮನೆ ಕುಳಿತಾಗ ಅಲ್ಲಿ ಇಲ್ಲಿ ಹರಿದಾಡುವ ಕಲ್ಪನೆಗೆ ಮಿದುಳಿನಲ್ಲಿ ಒಂದು ಜಾಲವಿದೆ. ಲೆಕ್ಕ ಹಾಕಿ, ತೂಗಿ, ಒಪ್ಪುವ ಅಥವಾ ಬಿಡುವ ಕೆಲಸಕ್ಕೆ ಇನ್ನೊಂದು ಜಾಲವಿದೆ. ಸಾಮಾನ್ಯವಾಗಿ ಒಂದು ಎದ್ದರೆ ಇನ್ನೊಂದು ಮಲಗುತ್ತದೆ. ಹೊಸ ವಿಚಾರ ಹೆಚ್ಚು ಹೊಳೆದವರ ಮಿದುಳಿನಲ್ಲಿ ಇವೆರಡೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಕೂಡಿ ದುಡಿಯುತ್ತಿದ್ದವು.

ಮಿದುಳಿನ ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಜಗತ್ಪ್ರಸಿದ್ಧ ವಿಜ್ಞಾನಿ ಐನ್‌ಸ್ಟೈನ್ ಅವರ ಮಿದುಳು 1,230 ಗ್ರಾಂ ತೂಗಿತು. ಅದು ಸಾಮಾನ್ಯ ಗಂಡಸಿನ ಮಿದುಳಿಗಿಂತ ತುಸು ಕಡಿಮೆಯೇ. ಕಲೆಗಾರರಿಗೆ ಬಲ ಮಿದುಳು, ಲೆಕ್ಕಿಗರಿಗೆ ಎಡ ಮಿದುಳು ಎಂಬ ಮಾತೂ ನಿಜವಲ್ಲ. ಎಲ್ಲರಲ್ಲಿಯೂ ಎರಡು ಭಾಗಗಳೂ ದುಡಿಯುತ್ತವೆ.

ಅಗೆದು ನೋಡಿದ್ದು, ಬರೆದಿಟ್ಟದ್ದು

ಮತ್ತೆ ಟೇಲರ್ ಅವರ ಕಡೆಗೆ ಬರೋಣ. ಅವರ ಮಿದುಳನ್ನು ಯಾರೂ ಯಂತ್ರದಲ್ಲಿಟ್ಟು ನೋಡಿಲ್ಲ, ನಿಜ. ಆದರೆ ಅವರು ಮಾಡಿದ ಕೆಲಸದಲ್ಲಿ ಈ ಎರಡೂ ಎತ್ತುಗಳ ಹೆಜ್ಜೆ ಕಾಣುತ್ತದೆ. ದೂರದ ಕಲ್ಲಿಗೂ ಹತ್ತಿರದ ಕಲ್ಲಿಗೂ ನಂಟು ಹೊಳೆದದ್ದು ಮೊದಲ ಎತ್ತು. ಹೊಳೆದದ್ದನ್ನು ಹಾಗೆಯೇ ನಂಬದೆ ಅಗೆದು ಪರೀಕ್ಷಿಸಿದ್ದು ಎರಡನೆಯದು.

ಜೇವರ್ಗಿಯ ಬಳಿ ಅವರು ಕಲ್ಲುಸುತ್ತುಗಳನ್ನು ಅಗೆಸಿದರು. ಕೆಳಗೆ ಮನುಷ್ಯರ ಎಲುಬು, ಮಣ್ಣಿನ ಗಡಿಗೆಗಳು ಸಿಕ್ಕವು. ಅಂದರೆ ಅವು ಸತ್ತವರನ್ನು ಹೂಳಿದ ಸಮಾಧಿಗಳು. ಆ ಕಾಲದಲ್ಲಿ ಹಳೆಯ ಜಾಗ ಅಗೆಯುವವರು ಒಳಗಿನ ವಸ್ತು ಸಿಕ್ಕರೆ ಸಾಕೆಂದು ಮಣ್ಣನ್ನು ಎತ್ತಿ ಎಸೆಯುತ್ತಿದ್ದರು. ಟೇಲರ್ ಹಾಗೆ ಮಾಡಲಿಲ್ಲ. ಮೇಲಿಂದ ಕೆಳಗಿನ ತನಕ ಮಣ್ಣಿನ ಪದರಗಳು ಹೇಗಿವೆ, ಯಾವ ಪದರದಲ್ಲಿ ಕಲ್ಲು, ಯಾವುದರಲ್ಲಿ ಎಲುಬು ಎಂಬುದನ್ನು ಅಳತೆಯೊಂದಿಗೆ ಚಿತ್ರ ಬರೆದಿಟ್ಟರು. ಬಾವಿ ತೋಡಿದವರಿಗೆ ಇದರ ಅರ್ಥ ಬೇಗನೆ ತಿಳಿಯುತ್ತದೆ. ಎರೆ ಎಷ್ಟು ಆಳ, ಗರಸು ಎಷ್ಟು, ಬಂಡೆ ಎಲ್ಲಿ ಎಂದು ನೋಡದೆ ಬಾವಿ ತೋಡುವುದುಂಟೇ? ಮೇಲಿನ ಪದರ ಹೊಸದು, ಕೆಳಗಿನದು ಹಳೆಯದು. ಆ ಲೆಕ್ಕ ಸಿಕ್ಕರೆ ಭೂಮಿಯ ಚರಿತ್ರೆ ಸಿಕ್ಕಂತೆ.

ಈ ವಿಷಯವನ್ನು ಅವರು 1850ರ ದಶಕದಲ್ಲಿ ಮುಂಬಯಿಯ ವಿದ್ವಾಂಸರ ಪತ್ರಿಕೆಯಲ್ಲಿ, 1860ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಐರಿಶ್ ಅಕಾಡೆಮಿಯ ಸಂಪುಟದಲ್ಲಿ ಪ್ರಕಟಿಸಿದರು. ಮುಂದೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾದ ಮಾರ್ಟಿಮರ್ ವೀಲರ್ ಆ ಚಿತ್ರಗಳನ್ನು ನೋಡಿ ಬಹಳವಾಗಿ ಮೆಚ್ಚಿಕೊಂಡರು. ಅಷ್ಟು ಹಿಂದೆಯೇ ಒಬ್ಬರು ಇಷ್ಟು ಕಟ್ಟುನಿಟ್ಟಾಗಿ ಪದರಗಳನ್ನು ದಾಖಲಿಸಿದ್ದು ಅವರಿಗೆ ಬೆರಗು ತಂದಿತು. ಪುರಾತತ್ವದಲ್ಲಿ ಓದು ಬರಹ ಮುಗಿಸಿದವರು ಕಲಿಯಬೇಕಾದ ಪಾಠವನ್ನು ಶಾಲೆ ಬಿಟ್ಟ ಹುಡುಗ ನಮ್ಮ ಸೀಮೆಯ ಹೊಲದಲ್ಲಿ ಕಂಡುಕೊಂಡಿದ್ದನು.

ತಪ್ಪಿದ ಕಡೆ

ಬಾಂಧವರೇ, ಟೇಲರ್ ಎಲ್ಲದರಲ್ಲೂ ಸರಿ ಎಂದು ತಿಳಿಯಬೇಡಿರಿ. ಇಲ್ಲಿಯ ಸಮಾಧಿ ಮತ್ತು ಯುರೋಪಿನ ಸಮಾಧಿ ಒಂದೇ ತೆರನಾಗಿದ್ದುದರಿಂದ, ಕಟ್ಟಿದ ಜನವೂ ಒಂದೇ ಮೂಲದವರೆಂದು ಅವರು ತೀರ್ಮಾನಿಸಿದರು. ಯುರೋಪಿನ ಕೆಲ್ಟರು, ಮಧ್ಯ ಏಷ್ಯಾದ ಸಿಥಿಯನರು ಎಂಬ ಜನಾಂಗಗಳ ಹೆಸರು ಹೇಳಿದರು. ಅದು ತಪ್ಪು. 1947ರಲ್ಲಿ ವೀಲರ್ ಅವರೇ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು ಇಂಥ ಸಮಾಧಿಗಳ ಕಾಲವನ್ನು ಗೊತ್ತುಪಡಿಸಲು ಯತ್ನಿಸಿದರು. ಆಮೇಲೆ ನಡೆದ ಸಂಶೋಧನೆಗಳಿಂದ ದಕ್ಷಿಣ ಭಾರತದ ಈ ಸಮಾಧಿಗಳಲ್ಲಿ ಬಹಳಷ್ಟು ಕಬ್ಬಿಣದ ಯುಗದವು, ಅಂದರೆ ಸುಮಾರು ಎರಡೂವರೆ, ಮೂರು ಸಾವಿರ ವರ್ಷಗಳಷ್ಟು ಹಳೆಯವೆಂದು ತಿಳಿದಿದೆ. ಕಟ್ಟಿದವರು ಎಲ್ಲಿಂದಲೋ ಬಂದ ಕೆಲ್ಟರಲ್ಲ. ಕಬ್ಬಿಣ ಕಾಸಿ ಉಪಕರಣ ಮಾಡಿಕೊಂಡು ಈ ನೆಲದಲ್ಲೇ ಬಾಳಿದ ಜನ.

ಯಾವ ಗುಣ ಟೇಲರ್ ಅವರಿಗೆ ಕಲ್ಲನ್ನು ತೋರಿಸಿತೋ ಅದೇ ಗುಣ ಅವರನ್ನು ದಾರಿ ತಪ್ಪಿಸಿತು. ದೂರದ ಎರಡು ವಸ್ತುಗಳನ್ನು ಗಂಟು ಹಾಕುವ ಬುದ್ಧಿ, ಗಂಟು ಹಾಕಬಾರದ ಕಡೆಯೂ ಹಾಕಿಬಿಡುತ್ತದೆ. ಆದರೂ ಅವರ ಕೆಲಸ ವ್ಯರ್ಥವಾಗಲಿಲ್ಲ. ಏಕೆಂದರೆ ಕಂಡದ್ದನ್ನು ಕಂಡ ಹಾಗೆ ಅಳೆದು ಬರೆದಿಟ್ಟಿದ್ದರು. ಅವರ ತೀರ್ಮಾನವನ್ನು ಬಿಟ್ಟವರೂ ಅವರ ಅಳತೆಯನ್ನು ಇಟ್ಟುಕೊಂಡರು.

ಇನ್ನೊಂದು ಕಡೆಯೂ ಅವರ ಬುದ್ಧಿ ಹಳೆಯ ಜಾಡನ್ನು ದಾಟಲಿಲ್ಲ. ಅದು ಮನಸ್ಸಿಗೆ ನೋವು ತರುವ ಕಥೆ. 1853ರಲ್ಲಿ ವೆಂಕಟಪ್ಪ ನಾಯಕರು ಪ್ರಾಯಕ್ಕೆ ಬಂದು ಅಧಿಕಾರ ವಹಿಸಿಕೊಂಡರು. ಟೇಲರ್ ನಳದುರ್ಗದ ಕಡೆಗೆ, ಆಮೇಲೆ ವರ್ಹಾಡ ಪ್ರಾಂತಕ್ಕೆ ಹೋದರು. 1857ರ ಹೋರಾಟದ ಕಿಚ್ಚು ದಕ್ಷಿಣಕ್ಕೂ ಹಬ್ಬಿತು. 1858ರ ಫೆಬ್ರುವರಿಯಲ್ಲಿ ತರುಣ ರಾಜರು ಕಂಪನಿಯ ಸೈನ್ಯದ ವಿರುದ್ಧ ನಿಂತರು. ಸೋತು ಹೈದರಾಬಾದಿಗೆ ಹೋದಾಗ ಸೆರೆಯಾದರು. ಟೇಲರ್ ಸೆರೆಮನೆಗೆ ಹೋಗಿ ತಾವು ಬೆಳೆಸಿದ ಹುಡುಗನನ್ನು ಕಂಡರು. ಮರಣದಂಡನೆ ತಪ್ಪಿ, ಕೊನೆಗೆ ಕೆಲವು ವರ್ಷಗಳ ಬಂಧನಕ್ಕೆ ಶಿಕ್ಷೆ ಇಳಿಯಿತು. ಆದರೆ ಮದರಾಸು ಕಡೆಗೆ ಒಯ್ಯುವ ದಾರಿಯಲ್ಲಿಯೇ ಅದೇ ವರ್ಷ ಮೇ ತಿಂಗಳಲ್ಲಿ ಗುಂಡು ತಗುಲಿ ರಾಜರು ತೀರಿಕೊಂಡರು. ಸುರಪುರದ ಜನ ಅವರನ್ನು ಸ್ವಾತಂತ್ರ್ಯ ವೀರರೆಂದು ಇಂದಿಗೂ ನೆನೆಯುತ್ತಾರೆ. 1860ರಲ್ಲಿ ಸಂಸ್ಥಾನ ನಿಜಾಮರ ಪಾಲಾಯಿತು.

ಟೇಲರ್ ಹುಡುಗನನ್ನು ಪ್ರೀತಿಸಿದ್ದು ಸುಳ್ಳಲ್ಲ. ಆದರೆ ಪರದೇಶದ ಕಂಪನಿಗೆ ಈ ನೆಲದ ಮೇಲೆ ಏನು ಹಕ್ಕು ಎಂಬ ಪ್ರಶ್ನೆ ಹುಡುಗನಿಗೆ ಹೊಳೆಯಿತು. ಕಲ್ಲಿನ ಬುಡಕ್ಕೆ ಇಳಿದು ನೋಡಿದ ಟೇಲರ್ ಈ ಪ್ರಶ್ನೆಯ ಬುಡಕ್ಕೆ ಮಾತ್ರ ಇಳಿಯಲಿಲ್ಲ. ಎಂಥ ಬೇರೆ ಬುದ್ಧಿಯವರಿಗೂ ತಮ್ಮ ಮನೆಯ ಗಿರಣಿಯ ಸದ್ದು ಕೇಳಿಸುವುದಿಲ್ಲ. ಇದನ್ನು ನಾವೂ ನೆನಪಿನಲ್ಲಿಡಬೇಕು.

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ಭಾರತ ಬಿಟ್ಟರು. ಐರ್ಲೆಂಡಿನಲ್ಲಿ ನೆಲೆಸಿ ನಮ್ಮ ದೇಶದ ಚರಿತ್ರೆ ಕುರಿತು ಕಾದಂಬರಿಗಳನ್ನು ಬರೆದರು. 1875ರಲ್ಲಿ ಇನ್ನೊಮ್ಮೆ ಭಾರತಕ್ಕೆ ಬಂದರು. ಮರಳುವ ದಾರಿಯಲ್ಲಿ, 1876ರ ಮೇ 13ರಂದು ಫ್ರಾನ್ಸಿನ ಮೆಂಟನ್ ಎಂಬಲ್ಲಿ ತೀರಿಕೊಂಡರು. ಅವರ ಆತ್ಮಕಥೆಯನ್ನು ಮಗಳು ಮರು ವರ್ಷ ಪ್ರಕಟಿಸಿದರು.

ನಮಗೆ ಇದರಿಂದ ಏನು?

ಟೇಲರ್ ಹೋದ ಮೇಲೂ ನಮ್ಮ ಸೀಮೆಯ ಕಲ್ಲಿನ ಕಥೆ ಮುಗಿಯಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರು ಹುಣಸಗಿ, ಬೈಚಬಾಳ ಭಾಗದಲ್ಲಿ ದಶಕಗಟ್ಟಲೆ ತಿರುಗಿ ಆದಿಮಾನವರ ಕಲ್ಲಿನ ಆಯುಧಗಳನ್ನು ಪತ್ತೆ ಹಚ್ಚಿದರು. ಅಲ್ಲಿಯ ಇಸಾಂಪುರದ ನೆಲೆ ಸುಮಾರು ಹನ್ನೆರಡು ಲಕ್ಷ ವರ್ಷದಷ್ಟು ಹಳೆಯದೆಂದು ಅಂದಾಜು. ಬೂದಿಹಾಳದ ಬೂದಿದಿಬ್ಬವನ್ನು ಅಗೆದಾಗ ಹಿಂದಿನ ಕಾಲದ ದನಗಾಹಿಗಳು ದನದ ಹಟ್ಟಿಯ ಸಗಣಿಯನ್ನು ಕೂಡಿಹಾಕಿ ಸುಟ್ಟ ಗುರುತುಗಳು ದೊರೆತವು. ನಾವು ದಿನವೂ ತುಳಿಯುವ ನೆಲ ಇಂಥದು.

ಆದುದರಿಂದ ಮೂರು ಮಾತುಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು ಹೊಲದ ಕಲ್ಲಿನ ವಿಷಯ. ದುಂಡಗೆ ಸುತ್ತಿಟ್ಟ ಕಲ್ಲು, ಸಾಲುಗಲ್ಲು, ಚಪ್ಪಡಿಯ ಕಲ್ಮನೆ ಇವುಗಳನ್ನು ಬದುವಿಗೆ ಹಾಕಲೆಂದೋ ಮನೆ ಕಟ್ಟಲೆಂದೋ ಕೀಳಬೇಡಿರಿ. ನಿಧಿಯ ಆಸೆಗೆ ಅಗೆಯುವವರಿಗೆ ಅವಕಾಶ ಕೊಡಬೇಡಿರಿ. ಟೇಲರ್ ಅಗೆದಾಗ ಸಿಕ್ಕಿದ್ದು ಎಲುಬು ಮತ್ತು ಗಡಿಗೆ, ಹೊನ್ನಿನ ಕೊಪ್ಪರಿಗೆಯಲ್ಲ. ಉಳುವಾಗ ಹಳೆಯ ವಸ್ತು ಏನಾದರೂ ಸಿಕ್ಕರೆ ತಹಸೀಲ್ದಾರರಿಗೆ ತಿಳಿಸಿರಿ. ಕಾಯಿದೆಯ ಪ್ರಕಾರ ನೆಲದಲ್ಲಿ ಹೂತಿಟ್ಟ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಸಿಕ್ಕಿದವರ ಕರ್ತವ್ಯ. ಕಲ್ಲು ಒಮ್ಮೆ ಕಿತ್ತರೆ ಅದರ ಕೆಳಗಿನ ಪದರ ಕಲಸಿಹೋಗುತ್ತದೆ. ಆಮೇಲೆ ಎಂಥ ವಿದ್ವಾಂಸರು ಬಂದರೂ ಓದಲಾಗುವುದಿಲ್ಲ.

ಎರಡನೆಯದು ಬೇಸಾಯದ ವಿಷಯ. ನಿಮಗೂ ಹೊಸ ವಿಚಾರಗಳು ಹೊಳೆಯುತ್ತವೆ. ತೊಗರಿಯ ಸಾಲಿನ ಅಂತರ ಹೆಚ್ಚಿಸಿದರೆ ಹೇಗೆ, ಈ ಮೂಲೆಯಲ್ಲೇ ರೋಗ ಮೊದಲು ಬೀಳುವುದೇಕೆ, ಮಳೆ ನೀರನ್ನು ಇಲ್ಲಿ ತಡೆದರೆ ಏನಾದೀತು ಎಂದು ಅನ್ನಿಸುತ್ತದೆ. ಜನ ನಕ್ಕಾರೆಂದು ಅದನ್ನು ಬಿಟ್ಟುಕೊಡಬೇಡಿರಿ. ಹಾಗೆಂದು ಒಮ್ಮೆಲೇ ಇಡೀ ಹೊಲಕ್ಕೆ ಹಾಕಿ ಕೈ ಸುಟ್ಟುಕೊಳ್ಳಲೂ ಬೇಡಿರಿ. ನಾಲ್ಕು ಗುಂಟೆಯಲ್ಲಿ ಮಾಡಿ ನೋಡಿರಿ. ಪಕ್ಕದ ನಾಲ್ಕು ಗುಂಟೆಯನ್ನು ರೂಢಿಯಂತೆ ಬಿತ್ತಿರಿ. ಬಿತ್ತಿದ ದಿನ, ಬಿದ್ದ ಮಳೆ, ಬಂದ ಇಳುವರಿ ಇಷ್ಟನ್ನು ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ವಿಚಾರ ತಪ್ಪಾದರೂ ಬರೆದಿಟ್ಟ ಲೆಕ್ಕ ಮುಂದಿನ ವರ್ಷ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಮನೆಯ ಮಕ್ಕಳ ವಿಷಯ. ಪ್ರತಿ ಮನೆಯಲ್ಲಿ ಅಲ್ಲದಿದ್ದರೂ ಪ್ರತಿ ಓಣಿಯಲ್ಲಿ ಇಂಥ ಒಂದು ಮಗು ಇರುತ್ತದೆ. ದನ ಕಾಯಲು ಕಳಿಸಿದರೆ ಇರುವೆಯ ಗೂಡಿನ ಮುಂದೆ ಕುಳಿತಿರುತ್ತದೆ. ಪಾಠದಲ್ಲಿ ಇಲ್ಲದ್ದನ್ನೇ ಕೇಳುತ್ತದೆ. ಜನ ಅದನ್ನು ಅರೆಹುಚ್ಚು ಎನ್ನುತ್ತಾರೆ. ಅದರ ಜರಡಿಯ ಕಣ್ಣು ಸ್ವಲ್ಪ ದೊಡ್ಡದಿರಬಹುದು, ಅಷ್ಟೇ. ಬೈದು ಬಾಯಿ ಮುಚ್ಚಿಸಿದರೆ ಕಸದ ಸಂಗಡ ಕಾಳೂ ಹೋಗುತ್ತದೆ. ಬದಲಿಗೆ ಅದರ ಕೈಗೆ ಒಂದು ಅಳತೆಪಟ್ಟಿ, ಒಂದು ಪೆನ್ಸಿಲು ಕೊಡಿರಿ. ಕಂಡದ್ದನ್ನು ಅಳೆದು ಬರೆಯಲು ಹೇಳಿರಿ. ಆರಿಸುವ ಗುಣ ಹಾಗೆಯೇ ಬೆಳೆಯುತ್ತದೆ.

ಮುಂದಿನ ಸಲ ಶಹಾಪುರಕ್ಕೆ ಹೋದಾಗ ಅಂಥ ಮಗುವನ್ನು ಸಂಗಡ ಕರೆದುಕೊಂಡು ಹೋಗಿರಿ. ಸಂತೆ ಮುಗಿದ ಮೇಲೆ ವಿಭೂತಿಹಳ್ಳಿಯ ಬಯಲಿನಲ್ಲಿ ಅರ್ಧ ತಾಸು ನಿಲ್ಲಿರಿ. ಸಾಲಿನಲ್ಲಿ ಎಷ್ಟು ಕಲ್ಲುಗಳಿವೆ, ಒಂದರಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಎಂದು ಮಗು ಎಣಿಸಲಿ. ಮನೆಗೆ ಬಂದ ಮೇಲೆ ಅದು ಏನು ಕೇಳುತ್ತದೆಂಬುದನ್ನು ಕಿವಿಗೊಟ್ಟು ಕೇಳಿರಿ.